ಸಣ್ಣವ್ವನ ನಲವತ್ತೆಂಟು

ಕುಷ್ಟಗಿಯ ಆ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಪಾಠ ಮಾಡುವವರು ಇಬ್ಬರೇ, ಸುರೇಖಾ ಮತ್ತು ಕಲ್ಲೇಶ. ಇಬ್ಬರೇ ಇದ್ದರೂ ಜಗಳಕ್ಕೇನೂ ಬರವಿರಲಿಲ್ಲ. ಬೇರೆ ವಿಭಾಗದವರು ರಜೆ, ಬಡ್ತಿ, ಪರೀಕ್ಷೆಯ ಮೇಲ್ವಿಚಾರಣೆ ಎಂದು ತರಹೇವಾರಿ ಜಗಳ ಆಡಿದರೆ ಇವರು ಎಂಟು ವರ್ಷದಿಂದ ಒಂದೇ ಜಗಳವನ್ನು ಹಿಡಿದು ಕೂತಿದ್ದರು: ಪ್ರೋಗ್ರಾಂ ಬರೆಯಲು ಯಾವ ಭಾಷೆ ಒಳ್ಳೆಯದು? ಕಲ್ಲೇಶ ಮೊದಲಿನಿಂದಲೂ ಪೈಥಾನ್ ಪಕ್ಷ. ಸುರೇಖಾ ಸಿ ಯಿಂದ ಹೊರಟು, ಜಾವಾ ದಾಟಿ, ನಾಲ್ಕು ವರ್ಷದ ಕೆಳಗೆ 'ಗೋ' ಎಂಬ ಭಾಷೆಗೆ ಬಂದು ಅಲ್ಲಿ ಠಿಕಾಣಿ ಹೂಡಿದ್ದಳು.

ಮಧ್ಯಾಹ್ನ ಕಾಲೇಜಿನ ಎದುರಿಗಿನ ಜೈನಾಬೀಯ ಹೋಟೆಲ್ಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡರೆ ಸಾಕು, ಶುರು.

"ನಿಮ್ಮ ಪೈಥಾನ್ ಭಾಳ ಮೆತ್ತಗರಿ, ಏನ್ ಕೊಟ್ರೂ ಹೂಂ ಅಂತೈತಿ" ಎಂದು ಸುರೇಖಾ ತೆಗೆಯುವಳು. "ಓಡೂದಂತೂ ಕೇಳಬ್ಯಾಡ್ರಿ. ನಮ್ಮ ಗೋ ಎದ್ದು ಊರು ಮುಟ್ಟಿದಾಗ ನಿಮ್ಮದು ಇನ್ನೂ ಚಪ್ಪಲಿ ಹುಡಕ್ತಿರ್ತೈತಿ."

"ನಿಮ್ಮ ಗೋದಾಗ ನಾಲ್ಕ ಸಾಲಿನ ಕೆಲಸಕ್ಕ ನಲವತ್ತ ಸಾಲ ಬರೀಬೇಕು" ಎಂದು ಕಲ್ಲೇಶ ಮೆಣಸಿನಕಾಯಿಯ ತೊಟ್ಟು ಕೀಳುತ್ತ ಹೇಳುವನು. "ಅದರಾಗ ಅರ್ಧ ಸಾಲು ಬರೇ 'ತಪ್ಪಾತೇನು, ತಪ್ಪಾತೇನು' ಅಂತ ಕೇಳೂದ."

"ಕೇಳೂದ ಅದರ ಗುಣರಿ. ತಪ್ಪು ಮುಚ್ಚಿಡೂದಿಲ್ಲ, ಕೈಯಾಗ ತಂದು ಕೊಡ್ತೈತಿ."

ಜೈನಾಬೀ ಚಹಾದ ಲೋಟ ಕುಕ್ಕಿ, "ಇಬ್ಬರೂ ಯಾವ್ಯಾವ ಭಾಷಾಕ್ಕೋ ಬಡದಾಡ್ತೀರಿ, ಬೈಯೂದು ಮಾತ್ರ ಕನ್ನಡದಾಗ" ಎಂದು ಹೋಗುವಳು.

ಈ ಜಗಳ ಮಂಡಕ್ಕಿಯ ಪ್ಲೇಟಿನಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ತಾವರಗೇರಾದ ಕುರಿಗಾರರ ಸಂಘಕ್ಕೆ ಹೋದದ್ದೇ ಎಡವಟ್ಟಾಯಿತು.

ಸಂಘಕ್ಕೆ ಸುತ್ತಲಿನ ಮೂವತ್ತು ಊರುಗಳಲ್ಲಿ ಒಬ್ಬೊಬ್ಬ ಪಶುಸಖಿ ಇದ್ದಾಳೆ. ಕುರಿಗಳಿಗೆ ಹಿರೇಬೇನೆ, ಕರುಳುಬೇನೆ ಬಾರದಂತೆ ಸೂಜಿ ಹಾಕುವುದು ಅವರ ಕೆಲಸ. ಹಾಕಿದ ಮೇಲೆ ಊರು, ಕುರಿಯ ಧಣಿಯ ಹೆಸರು, ಸೂಜಿ ಬಿದ್ದ ಕುರಿಗಳ ಸಂಖ್ಯೆ, ಇಷ್ಟನ್ನು ಫೋನಿನಿಂದ ಒಂದು ಮೆಸೇಜಿನಲ್ಲಿ ಕಳಿಸಬೇಕು. ಸಂಘದ ಕಂಪ್ಯೂಟರ್ ಅದನ್ನು ಓದಿ, ಕೂಡಿಸಿ, ಮೂರು ತಿಂಗಳಿಗೊಮ್ಮೆ ವರದಿ ಅಚ್ಚು ಹಾಕುತ್ತದೆ. ಮೊದಲ ಪ್ರೋಗ್ರಾಂ ಬರೆದುಕೊಟ್ಟವನು ಕಲ್ಲೇಶ, ಪೈಥಾನಿನಲ್ಲಿ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಸಂಘದವರು ಕಂಪ್ಯೂಟರ್ ಬದಲಿಸಿದ್ದೇ ತಡ, ಪೈಥಾನಿಗೆ ಬೇಕಾದ ಸಾಮಾನು ಸರಂಜಾಮು ಒಂದಿದ್ದರೆ ಒಂದಿಲ್ಲ ಎಂದಾಗಿ ಅದು ಮುಷ್ಕರ ಹೂಡಿತು. ಕಲ್ಲೇಶ ಮೂರು ಸಲ ಬಸ್ ಹತ್ತಿ ತಾವರಗೇರಾಕ್ಕೆ ಹೋಗಿ, ಮೂರು ಸಲವೂ ಮುಖ ಸಣ್ಣ ಮಾಡಿಕೊಂಡು ಬಂದ.

ಸುರೇಖಾಳಿಗೆ ಅಷ್ಟು ಸಾಕಾಗಿತ್ತು. ಹದಿನೈದು ದಿನದಲ್ಲಿ ಅದನ್ನೇ ಗೋದಲ್ಲಿ ಬರೆದಳು. ಒಂದೇ ಒಂದು ಫೈಲು. ಪೆನ್‌ಡ್ರೈವಿನಲ್ಲಿ ಒಯ್ದು ಇಟ್ಟಳು, ಒತ್ತಿದಳು, ನಡೆಯಿತು. ಸಂಘದ ಅಧ್ಯಕ್ಷ ಕರಿಬಸಪ್ಪ ಅಂದು ಎಲ್ಲ ಪಶುಸಖಿಯರನ್ನು ಕರೆಸಿ ಸಣ್ಣ ಸಭೆ ಮಾಡಿ, "ಕಲ್ಲೇಶ ಮಾಸ್ತರರು ಹಾವು ತಂದಿದ್ರು. ಅಕ್ಕೋರು ಗೋವು ತಂದಾರ. ಕುರಿ ಸಂಘದಾಗ ಎಲ್ಲಾ ಪ್ರಾಣಿ ಆದುವು" ಎಂದು ನಗಿಸಿದ.

ನಗುವಿನ ಹುಮ್ಮಸ್ಸಿನಲ್ಲಿ ಸುರೇಖಾ ಎದ್ದು ನಿಂತು ಎರಡು ಮಾತು ಹೇಳಿದ್ದಳು. ಒಂದು: "ಇಂಗ್ಲಿಷಿನ ಗೊಡವಿ ಬ್ಯಾಡ್ರಿ. ಎಲ್ಲಾ ಕನ್ನಡದಾಗ ಬರದು ಕಳಸ್ರಿ." ಇನ್ನೊಂದು: "ಮಷಿನ್ನು ಸುಳ್ಳು ಹೇಳೂದಿಲ್ರಿ. ನೀವು ಏನು ಕೊಡ್ತೀರಿ ಅದನ್ನ ತೋರಸ್ತೈತಿ." ಎರಡಕ್ಕೂ ಚಪ್ಪಾಳೆ ಬಿದ್ದಿತ್ತು. ಎರಡೂ ಮಾತು ಮೂರು ತಿಂಗಳ ಮೇಲೆ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತವೆ ಎಂದು ಆಗ ಯಾರು ಕಂಡಿದ್ದರು?

ಗುರುವಾರ ಬೆಳಿಗ್ಗೆ ಕರಿಬಸಪ್ಪನ ಫೋನು ಬಂತು. ಮೊದಲ ವರದಿ ಅಚ್ಚಾಗಿದೆ, ಎಲ್ಲ ಊರೂ ಸರಿ ಇವೆ, ಬೇವೂರು ಒಂದೇ ಸೊನ್ನೆ.

"ಸಣ್ಣವ್ವ ಅಂತ ಅದಾಳರಿ ಅಲ್ಲಿ. ಹೆಸರೆಲ್ಲಾ ಬರದು ಕಳಿಸ್ಯಾಳ, ನಲವತ್ತೊಂದು ಹೆಸರು. ಎಲ್ಲಾರ ಮುಂದೂ ಸೊನ್ನಿ. ಅಂದ್ರ ದೊಡ್ಡಿ ದೊಡ್ಡಿಗೆ ಹೋಗ್ಯಾಳ, ಹೆಸರು ಬರಕೊಂಡಾಳ, ಸೂಜಿ ಹಾಕಿಲ್ಲ. ಕೇಳಿದ್ರ ಹಾಕೀನಿ ಅಂತಾಳ. ಶನಿವಾರ ಸಭಾ ಐತಿ, ಆಕಿನ್ನ ತಗದು ಬ್ಯಾರೆಯಾಕಿನ್ನ ಹಾಕೂದು. ಮಷಿನ್ನು ಸುಳ್ಳು ಹೇಳೂದಿಲ್ಲ ಅಂತ ನೀವ ಹೇಳೀರಿ. ಆದ್ರೂ ಒಂದು ಕಾಗದ ಬರದು ಸಹಿ ಮಾಡಿಬಿಡ್ರಿ, ನಾಳೆ ಯಾರೂ ತಕರಾರು ತಗೀಬಾರದು."

ಸುರೇಖಾ ಸುಮ್ಮನೆ ಸಹಿ ಮಾಡುವವಳಲ್ಲ. ಪ್ರಯೋಗಾಲಯಕ್ಕೆ ಹೋಗಿ ತಾನೇ ಇಪ್ಪತ್ತು ಮೆಸೇಜು ಬರೆದು ಪ್ರೋಗ್ರಾಮಿಗೆ ಉಣಿಸಿದಳು. ಇಪ್ಪತ್ತೂ ಸರಿಯಾಗಿ ಬಂದವು. ಆಮೇಲೆ 'ಪ್ರೋಗ್ರಾಮಿನಲ್ಲಿ ಯಾವ ದೋಷವೂ ಕಂಡುಬಂದಿಲ್ಲ' ಎಂದು ದುಂಡಗೆ ಬರೆದು, ಸಹಿ ಹಾಕಿ, ಫೋಟೊ ತೆಗೆದು ಕಳಿಸಿದಳು. ಆ ಸಣ್ಣವ್ವ ಎನ್ನುವವಳ ಮುಖ ನೆನಪಿಸಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಆ ಮುಖವೇ ಬಂದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿತ್ತು. ನಲವತ್ತೈದರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಔಷಧಿ ಇಡುವ ನೀಲಿ ಐಸ್ ಡಬ್ಬಿ. ಬೇವೂರಿನಿಂದ ಎರಡು ಬಸ್ ಬದಲಿಸಿ ಬಂದಿದ್ದಳು.

"ಅಕ್ಕೋರ, ನಾ ಬೇವೂರ ಸಣ್ಣವ್ವ."

ಕಾಲು ಹಿಡಿಯಲು ಬಂದಿದ್ದಾಳೆ, ಇನ್ನು ಅಳುತ್ತಾಳೆ ಎಂದುಕೊಂಡಳು ಸುರೇಖಾ. "ನೋಡ್ರಿ ಸಣ್ಣವ್ವಾರ, ತಗಿಯೂದು ಬಿಡೂದು ಸಂಘದವರ ಕೈಯಾಗ ಐತಿ. ನನ್ನ ಕೈಯಾಗ ಏನೂ ಇಲ್ಲ."

"ನಾ ಅದನ್ನ ಕೇಳಾಕ ಬಂದಿಲ್ರಿ" ಎಂದಳು ಸಣ್ಣವ್ವ. "ಮೊನ್ನೆಯಿಂದ ಊರಾಗ ಮಂದಿ ಕೇಳಾಕ ಹತ್ಯಾರ, ಏನವಾ, ನಮ್ಮ ಕುರಿಗೆ ನೀರು ಚುಚ್ಚೀಯೇನು ಅಂತ. ಇಷ್ಟು ದಿನ ಡಾಕ್ಟರವ್ವ ಅಂತಿದ್ದ ಬಾಯಿರಿ ಅವು. ನಾ ಎಲ್ಲಿ ತಪ್ಪೀನಿ ಅಂತ ನನಗ ತಿಳೀಬೇಕು. ನಿಮ್ಮ ಮಷಿನ್ನು ಸುಳ್ಳು ಹೇಳೂದಿಲ್ಲ ಅಂದ್ರಿ. ನಾನೂ ಹೇಳಿಲ್ಲ. ಹಂಗಾರ ನಡಕ ಸುಳ್ಳು ಹೇಳಿದಾವ ಯಾವನರಿ?"

ಒಳಗೆ ಪೈಥಾನ್ ತರಗತಿ ಮುಗಿಸಿ ಹಲಗೆ ಒರೆಸುತ್ತಿದ್ದ ಕಲ್ಲೇಶ ಬಾಗಿಲಿಗೆ ಬಂದು, "ಒಳಗ ಬರ್ರಿ ಯವ್ವ, ಫೋನ್ ತೋರಸ್ರಿ" ಎಂದ.

ಸಣ್ಣವ್ವ ಸೀರೆಯ ಸೆರಗಿನಲ್ಲಿ ಒರೆಸಿ ಫೋನು ಕೊಟ್ಟಳು. ಮೆಸೇಜುಗಳೆಲ್ಲ ಇದ್ದವು. ಮೊದಲನೆಯದು ಅವಳ ಗಂಡನ ಕುರಿಗಳದೇ: 'ಬೇವೂರು ದುರಗಪ್ಪ ೪೮'. ಸುರೇಖಾ ಅದನ್ನು ಗಟ್ಟಿಯಾಗಿ ಓದಿದಳು, "ಬೇವೂರು, ದುರಗಪ್ಪ, ನಲವತ್ತೆಂಟು." ಓದುತ್ತಲೇ ಅವಳ ಬೆರಳುಗಳು ಕಂಪ್ಯೂಟರಿನಲ್ಲಿ ಬೇವೂರು, ದುರಗಪ್ಪ, 48 ಎಂದು ಹೊಡೆದು ಮುಗಿಸಿದ್ದವು. ಪರದೆಯ ಮೇಲೆ 48 ಬಂತು. ಇನ್ನೊಂದು ಓದಿದಳು, ಹೊಡೆದಳು. ಅದೂ ಬಂತು.

ಒಳಗೊಳಗೇ ಒಂದು ಸಣ್ಣ ಸಮಾಧಾನವಾಯಿತು. ತನ್ನ ಸಹಿಗೆ ಮೋಸವಿಲ್ಲ ಎನ್ನುವ ಸಮಾಧಾನ. ಅದನ್ನು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತದೆ. "ನೋಡ್ರಿ, ಬರೋಬ್ಬರಿ ಬರಾಕ್ಹತ್ತೇತಿ. ನೀವು ಕಳಿಸಿದ್ದು ಅಲ್ಲಿಗೆ ಮುಟ್ಟಿಲ್ಲ ಅನಸ್ತೈತಿ."

"ಮುಟ್ಟದಿದ್ರ ಹೆಸರು ಹೆಂಗ ಮುಟ್ಟಿದುವು ಮೇಡಂ?" ಎಂದ ಕಲ್ಲೇಶ.

ಅದು ಸರಿಯಾದ ಪ್ರಶ್ನೆಯೇ. ಆದರೆ ಕಲ್ಲೇಶ ಕೇಳಿದ ಎನ್ನುವ ಕಾರಣಕ್ಕೆ ಸುರೇಖಾಳಿಗೆ ಸಿಟ್ಟು ಬಂತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹೆಗಲ ಮೇಲಿಂದ ಬಗ್ಗಿ ಪರದೆಯನ್ನೇ ನೋಡುತ್ತಿದ್ದ ಸಣ್ಣವ್ವ ಮೆಲ್ಲಗೆ ಅಂದಳು:

"ಅಕ್ಕೋರ, ನಿಮ್ಮ ನಾಲ್ಕು ಬ್ಯಾರೆ ಐತಲ್ರಿ."

"ಏನಂದ್ರಿ?"

"ನನ್ನ ನಾಲ್ಕಿಗೂ ನಿಮ್ಮ ನಾಲ್ಕಿಗೂ ಫರಕ್ ಐತಿ. ನನ್ನ ಎಂಟೂ ಬ್ಯಾರೆ."

ಸುರೇಖಾ ಫೋನು ನೋಡಿದಳು. ಪರದೆ ನೋಡಿದಳು. ೪೮. 48. ಒಂದನೇ ಇಯತ್ತೆಯಿಂದ ಎರಡನ್ನೂ ಓದಿ ರೂಢಿಯಾದ ಕಣ್ಣು ಫರಕನ್ನೇ ಕಂಡಿರಲಿಲ್ಲ. ಕಣ್ಣು ಕನ್ನಡದ ಅಂಕಿ ಓದಿತ್ತು, ಬೆರಳು ತನ್ನ ಪಾಡಿಗೆ ಇಂಗ್ಲಿಷಿನ ಅಂಕಿ ಹೊಡೆದಿತ್ತು.

"ಎಲ್ಲಾ ಹಿಂಗ ಬರದೀರೇನು?" ಅವಳ ದನಿ ಇಳಿದಿತ್ತು.

"ಮೊದಲ ಹಿಂಗ ಬರೀತಿರಲಿಲ್ರಿ. ಎಲ್ಲಾ ಕನ್ನಡದಾಗ ಬರೀರಿ ಅಂತ ನೀವ ಹೇಳಿದ್ರಿ, ಆವತ್ತು ಸಭಾದಾಗ. ನನ್ನ ಮಗಳು ದ್ರಾಕ್ಷಾಯಿಣಿ ತೋರಿಸಿಕೊಟ್ಲು, ಅಂಕಿ ಒತ್ತಿ ಹಿಡದ್ರ ಕನ್ನಡದ್ದು ಬರ್ತೈತಿ ಅಂತ. ಒಂದೊಂದಕ್ಕೂ ಒತ್ತಿ ಹಿಡೀಬೇಕು, ತಡ ಆಕ್ಕೈತಿ. ಆದ್ರೂ ದೊಡ್ಡೋರು ಹೇಳ್ಯಾರ ಅಂದಮ್ಯಾಲೆ..."

ಮೂವತ್ತು ಪಶುಸಖಿಯರು ಆ ಮಾತು ಕೇಳಿ ಚಪ್ಪಾಳೆ ಹೊಡೆದಿದ್ದರು. ಅದನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ. ಹೇಳಿದ ಸುರೇಖಾಳೂ ಪಾಲಿಸಿರಲಿಲ್ಲ.

ಆಮೇಲೆ ನಡೆದದ್ದಕ್ಕೆ ಹತ್ತು ನಿಮಿಷ ಹಿಡಿಯಿತು. ಸಣ್ಣವ್ವನ ಫೋನಿನಿಂದ ಆ ೪೮ ಅನ್ನು ಹಾಗೆಯೇ ಎತ್ತಿ ಕಂಪ್ಯೂಟರಿಗೆ ತಂದರು. ಕಲ್ಲೇಶ ತನ್ನ ಹಳೆಯ ಪೈಥಾನ್ ಪ್ರೋಗ್ರಾಮಿಗೆ ಕೊಟ್ಟ. ಅದು ಯಾವ ರಗಳೆಯೂ ಇಲ್ಲದೆ ನಲವತ್ತೆಂಟು ಎಂದಿತು. ಕನ್ನಡವೇನು, ಬೇರೆ ಲಿಪಿಯ ಅಂಕಿ ಕೊಟ್ಟರೂ ಅದು ಓದುತ್ತದೆ. ಬ್ರೌಸರ್ ತೆರೆದು ಜಾವಾಸ್ಕ್ರಿಪ್ಟಿಗೆ ಕೊಟ್ಟರೆ ಅದು 'ಇದು ಸಂಖ್ಯೆಯೇ ಅಲ್ಲ' ಎಂದು ಹೇಳಿ, ಏನೂ ಆಗದವರ ಹಾಗೆ ಮುಂದಿನ ಕೆಲಸಕ್ಕೆ ಹೋಯಿತು. ಸುರೇಖಾ ಬೇಸಿಗೆ ರಜೆಯಲ್ಲಿ ಕಲಿಯಲು ಹಿಡಿದಿದ್ದ ರಸ್ಟ್ ಎಂಬ ಹೊಸ ಭಾಷೆ, ಹೆಸರು ತುಕ್ಕಾದರೂ ಭಾರೀ ಕಟ್ಟುನಿಟ್ಟಿನದು. ಅದು ಅಲ್ಲಿಯೇ ಕೂತುಬಿಟ್ಟಿತು, ಇದನ್ನು ಬಗೆಹರಿಸದ ಹೊರತು ಒಂದು ಹೆಜ್ಜೆ ಇಡುವುದಿಲ್ಲ ಎಂದು ಕೂಗಿ.

ಕೊನೆಗೆ ಗೋ. ಗೋ ಎರಡು ಉತ್ತರ ಕೊಟ್ಟಿತು. ಒಂದು, ಸೊನ್ನೆ. ಇನ್ನೊಂದು, 'ನನಗೆ ಇದು ಓದಲು ಬರಲಿಲ್ಲ' ಎಂಬ ದೂರು.

"ದೂರು ಕೊಟ್ಟೈತಲ್ರಿ ಮತ್ತ?" ಎಂದ ಕಲ್ಲೇಶ. "ಅದು ಎಲ್ಲಿ ಹೋತು?"

ಎಲ್ಲಿ ಹೋಯಿತು ಎಂದು ಸುರೇಖಾಳಿಗೆ ಗೊತ್ತಿತ್ತು. ತಾನು ಬರೆದ ಪ್ರೋಗ್ರಾಂ ತೆಗೆದು, ನೂರ ಹನ್ನೆರಡನೇ ಸಾಲಿಗೆ ಬಂದು, ಬೆರಳಿಟ್ಟು ತೋರಿಸಿದಳು. ದೂರು ಬಂದು ಕೂರಬೇಕಾದ ಜಾಗದಲ್ಲಿ ಒಂದು ಸಣ್ಣ ಅಡಿಗೆರೆ ಇತ್ತು. ದೂರು ನನಗೆ ಬೇಡ, ಎಸೆದುಬಿಡು ಎಂದು ಹೇಳುವ ಗುರುತು ಅದು. ಹದಿನೈದು ದಿನದ ಆತುರದಲ್ಲಿ, ಪಶುಸಖಿಯರು ಸಂಖ್ಯೆಯನ್ನಲ್ಲದೆ ಇನ್ನೇನು ಬರೆದಾರು ಎಂಬ ಧಿಮಾಕಿನಲ್ಲಿ, ಆ ಅಡಿಗೆರೆ ಎಳೆದವಳು ಅವಳೇ. ಭಾಷೆ ತಪ್ಪನ್ನು ಕೈಯಲ್ಲಿ ತಂದುಕೊಟ್ಟಿತ್ತು. ಅವಳು ಕೈ ಮುಂದೆ ಮಾಡಿರಲಿಲ್ಲ.

"ಸಣ್ಣವ್ವಾರ" ಎಂದಳು. "ನಡಕ ಸುಳ್ಳು ಹೇಳಿದಾವ ಯಾವನು ಅಂತ ಕೇಳಿದ್ರಲ್ಲ. ಯಾವನೂ ಅಲ್ಲ. ನಾನ. ನೀವು ಬರದದ್ದು ಎಲ್ಲಾ ಸರಿ ಐತಿ. ನನ್ನ ಪ್ರೋಗ್ರಾಮಿಗೆ ಕನ್ನಡದ ಅಂಕಿ ಬರ್ತಿರಲಿಲ್ಲ."

ಸಣ್ಣವ್ವ ಐಸ್ ಡಬ್ಬಿಯ ಮೇಲೆ ಕುಸಿದು ಕೂತು, "ಅಯ್ಯೋ ನಮ್ಮವ್ವ" ಎಂದು ಉದ್ದಕ್ಕೆ ಉಸಿರು ಬಿಟ್ಟಳು. "ನನಗ ನನ್ನ ಮ್ಯಾಲ ಅನುಮಾನ ಬಂದಿತ್ತರಿ ಅಕ್ಕೋರ. ಎರಡು ರಾತ್ರಿ ನಿದ್ದಿ ಇಲ್ಲ. ಔಷಧಿ ಖರೇನ ಹಾಕೀನೋ, ಬರೇ ಸೂಜಿ ಚುಚ್ಚಿ ಬಂದೀನೋ ಅಂತ. ಮಂದಿ ಅಂದದ್ದಲ್ಲ, ಆ ಸೊನ್ನಿ ನೋಡಿ ನೋಡಿ ನನಗ ಹಂಗ ಅನ್ನಿಸಾಕ ಹತ್ತಿತ್ತು." ಹೀಗೆಂದವಳೇ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಸುರೇಖಾಳಿಗೂ ಅಳು ಬಂತು. ಅಷ್ಟೂ ಕುರಿಗಳಿಗೆ ಸೂಜಿ ಬಿದ್ದಿದೆ, ಈ ಹೆಂಗಸಿನ ಕೈ ಸ್ವಚ್ಛವಾಗಿದೆ, ನಾಳೆಯ ಸಭೆ ಇನ್ನೂ ನಡೆದಿಲ್ಲ.

ಇನ್ನು ಕಲ್ಲೇಶನ ಸರದಿ. ಎಂಟು ವರ್ಷದ ಜಗಳ ಗೆಲ್ಲಲು ಇದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಸಿಗುತ್ತಿರಲಿಲ್ಲ. ಸುರೇಖಾ ತಲೆ ತಗ್ಗಿಸಿ, ಹೊಡೆತಕ್ಕೆ ತಯಾರಾಗಿ ಕಾದಳು. ಅವನು ಮೀಸೆ ಎಳೆದುಕೊಂಡು ಪರದೆಯನ್ನೇ ನೋಡುತ್ತಿದ್ದ.

"ಖರೇ ಹೇಳ್ಲೇನ್ರಿ ಮೇಡಂ? ಪೈಥಾನ್ ಕನ್ನಡದ ಅಂಕಿ ಓದ್ತೈತಿ ಅಂತ ನನಗೂ ಗೊತ್ತಿರಲಿಲ್ಲ. ಇವತ್ತ ಗೊತ್ತಾತು. ನಾ ಬುದ್ಧಿಯಿಂದ ಪಾಸಾಗಿಲ್ಲ, ಪುಕ್ಕಟೆ ಪಾಸಾಗೀನಿ."

ಆ ಮಾತಿಗೆ ಸುರೇಖಾ ಅವನ ಎಂಟು ವರ್ಷದ ಮೊಂಡುತನವನ್ನೆಲ್ಲ ಅಲ್ಲೇ ಮನ್ನಿಸಿದಳು. ಸೋಮವಾರದಿಂದ ಮತ್ತೆ ಶುರುವಾಗುತ್ತದೆ, ಅದು ಬೇರೆ ಮಾತು.

ಸಣ್ಣವ್ವ ಏಳುತ್ತ, "ಹಂಗಾರ ಇನ್ನ ಮ್ಯಾಲೆ ನಿಮ್ಮ ನಾಲ್ಕ ಬರೀಲೇನ್ರಿ?" ಎಂದು ಕೇಳಿದಳು.

"ಬ್ಯಾಡ್ರಿ. ನೀವು ನಿಮ್ಮದ ಬರೀರಿ. ಕಲಿಯೂದು ಅದಕ್ಕೈತಿ, ನಿಮಗಲ್ಲ." ಸುರೇಖಾ ಅಲ್ಲಿಯೇ ಕೂತು ಅಡಿಗೆರೆ ಅಳಿಸಿದಳು. ಕನ್ನಡದ ಹತ್ತು ಅಂಕಿಗಳನ್ನು ಪ್ರೋಗ್ರಾಮಿಗೆ ಕಲಿಸಿದಳು. ಓದಲು ಬಾರದ್ದು ಏನಾದರೂ ಬಂದರೆ ಸೊನ್ನೆ ಹಾಕದೆ ಬದಿಗಿಟ್ಟು ಕೂಗಬೇಕು ಎಂದೂ ಬರೆದಳು. ಕಳಿಸಿದವರು ಯಾವ ಅಂಕಿಯಲ್ಲಿ ಬರೆದಿದ್ದಾರೋ ಅದೇ ಅಂಕಿಯಲ್ಲಿ ಅವರ ಊರಿನ ಹಾಳೆ ಅಚ್ಚಾಗುವಂತೆಯೂ ಮಾಡಿದಳು. ಈ ಕೊನೆಯದನ್ನು ಯಾರೂ ಕೇಳಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ತಾವರಗೇರಾದಲ್ಲಿ ಸಭೆ. ಸಂಘದ ಪಡಸಾಲೆ ತುಂಬಿತ್ತು. ಬೇವೂರಿನವರೇ ಹತ್ತು ಹದಿನೈದು ಮಂದಿ, ಗೋಡೆಗೆ ಒರಗಿ ಕೂತಿದ್ದರು. ಅವರಲ್ಲಿ ದುರಗಪ್ಪ, ಹೆಂಡತಿಯ ಕಡೆ ನೋಡಲಾರದೆ ನೆಲ ನೋಡುತ್ತ. ಸಣ್ಣವ್ವ ಸುರೇಖಾಳ ಜೊತೆ ಒಳಗೆ ಬಂದಾಗ ಗುಸುಗುಸು ನಿಂತಿತು.

ಕರಿಬಸಪ್ಪ ಸುರೇಖಾ ಫೋಟೊ ತೆಗೆದು ಕಳಿಸಿದ್ದ ಕಾಗದವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದ. "ಬರ್ರಿ ಅಕ್ಕೋರ. ನಿಮ್ಮ ಸಹಿ ಐತಿ, ಎರಡು ಮಾತು ನೀವ ಹೇಳಿಬಿಟ್ರ ಮುಗೀತು."

ಬಸ್ಸಿನಲ್ಲಿ ಅವಳು ಹೇಳಬೇಕಾದ್ದನ್ನು ಹತ್ತು ಥರ ಜೋಡಿಸಿಕೊಂಡಿದ್ದಳು. ತಾಂತ್ರಿಕ ತೊಂದರೆ, ಅಕ್ಷರಗಳ ಹೊಂದಾಣಿಕೆ, ಹೀಗೆಲ್ಲ. ಎದುರಿಗೆ ಆ ಮುಖಗಳನ್ನು ಕಂಡಮೇಲೆ ಅದ್ಯಾವುದೂ ಬಾಯಿಗೆ ಬರಲಿಲ್ಲ.

"ಎರಡು ಮಾತು ಅಷ್ಟರಿ. ಸಣ್ಣವ್ವಾರು ಎಲ್ಲಾ ಕುರಿಗೂ ಸೂಜಿ ಹಾಕ್ಯಾರ, ಬರೋಬ್ಬರಿ ಬರದು ಕಳಿಸ್ಯಾರ. ಮಷಿನ್ನು ಸುಳ್ಳು ಹೇಳ್ತು. ಹೇಳಿಸಿದಾಕಿ ನಾನು."

ಮೇಜಿನ ಮೇಲಿದ್ದ ಕಾಗದ ಎತ್ತಿ ನಾಲ್ಕು ಚೂರು ಮಾಡಿದಳು. ಕನ್ನಡದ ಅಂಕಿ, ಇಂಗ್ಲಿಷಿನ ಅಂಕಿ, ಎಸೆದ ದೂರು, ಎಲ್ಲವನ್ನೂ ಬಿಡಿಸಿ ಹೇಳಿದಳು. ಕೇಳಿದ ಕರಿಬಸಪ್ಪ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಅಚ್ಚಾದದ್ದೆಲ್ಲ ನಿಜ ಎಂದು ನಂಬುವವನು, ಅಷ್ಟೆ.

"ಅಂದ್ರ ಗೋವು ಒದ್ದದ್ದು" ಎಂದ. "ನಾವು ಈಯವ್ವನ್ನ ಬೈದ್ವಿ."

"ಗೋವಿನ ತಪ್ಪು ಏನೂ ಇಲ್ರಿ. ಅದು ಕೂಗಿತ್ತು. ನಾ ಬಾಯಿ ಕಟ್ಟಿದ್ದೆ."

ಗೋಡೆಯ ಬದಿಯಿಂದ ಯಾರೋ ಮೊದಲು ನಕ್ಕರು. ಆಮೇಲೆ ಪಡಸಾಲೆ ಪೂರ್ತಿ ನಕ್ಕಿತು. ಸುರೇಖಾ ಪೆನ್‌ಡ್ರೈವ್ ಸಿಕ್ಕಿಸಿದಳು, ಮೂರು ತಿಂಗಳ ಮೆಸೇಜುಗಳನ್ನು ಹೊಸ ಪ್ರೋಗ್ರಾಮಿಗೆ ಮತ್ತೆ ಓದಿಸಿದಳು. ಪ್ರಿಂಟರ್ ಕರಕರ ಎಂದು ಬೇವೂರಿನ ಹಾಳೆ ಹೊರಹಾಕಿತು.

ಕರಿಬಸಪ್ಪ ಕನ್ನಡಕ ಏರಿಸಿ, ಹಾಳೆ ಹಿಡಿದು, ಎಲ್ಲರಿಗೂ ಕೇಳುವಂತೆ ಒಟ್ಟು ಓದಲು ಶುರು ಮಾಡಿದ. "ಬೇವೂರು. ಒಟ್ಟು ಎರಡು ಸಾವಿರದ..." ನಿಂತ. ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ. ಅಲ್ಲಿ ೨೬೭೬ ಎಂದಿತ್ತು. "ಎರಡು ಸಾವಿರದ ಏಳುನೂರ... ಅಲ್ಲ, ತಡೀರಿ. ಇದು ಆರೋ, ಏಳೋ?" ಪಕ್ಕದ ಕಾರ್ಯದರ್ಶಿಗೆ ತೋರಿಸಿದ. ಕಾರ್ಯದರ್ಶಿ ಬೆರಳಿಟ್ಟು ನೋಡಿ, ತಲೆ ಕೆರೆದುಕೊಂಡು, ಹಾಳೆ ವಾಪಸು ಕೊಟ್ಟ. ಇಬ್ಬರೂ ಕನ್ನಡ ಸಾಲೆಯಲ್ಲೇ ಓದಿದವರು; ಈ ಅಂಕಿ ಬಿಟ್ಟು ನಲವತ್ತು ವರ್ಷವಾಗಿತ್ತು.

ಕರಿಬಸಪ್ಪ ಕನ್ನಡಕ ತೆಗೆದ. ಮುಖ ಕೆಂಪಾಗಿತ್ತು, ಆದರೆ ನಗುತ್ತಿದ್ದ. "ಸಣ್ಣವ್ವಾ, ಬಾರವ್ವ ಇಲ್ಲಿ. ನಿನ್ನ ಅಂಕಿ ನೀನ ಓದು. ನಮಗ ಬರವಲ್ದು."

ಸಣ್ಣವ್ವ ಎದ್ದು ಬಂದಳು. ಹಾಳೆ ಇಸಿದುಕೊಂಡು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ಒಟ್ಟು ಅಷ್ಟ ಓದಿದ್ರ ಸಾಕವ್ವ" ಎಂದ ಕರಿಬಸಪ್ಪ.

"ಇಲ್ರಿ ಅಧ್ಯಕ್ಷರ. ನಲವತ್ತೊಂದು ಸೊನ್ನಿ ಓದೀರಿ, ನಲವತ್ತೊಂದೂ ಓದ್ತೀನಿ" ಎಂದು ಅವಳು ಮೊದಲಿಂದ ಶುರು ಮಾಡಿದಳು. "ದುರಗಪ್ಪ, ನಲವತ್ತೆಂಟು."

"ಹೌದು" ಎಂದ ದುರಗಪ್ಪ, ನೆಲದಿಂದ ತಲೆಯೆತ್ತಿ.

ಅವಳು ಮುಂದಿನ ಹೆಸರು ಓದಿದಳು. ಆ ಹೆಸರಿನವನೂ ಹೌದು ಎಂದ. ಕೊನೆಯ ಹೆಸರು ಬರುವ ತನಕ ಪಡಸಾಲೆಯಲ್ಲಿ ಒಬ್ಬರೂ ಏಳಲಿಲ್ಲ.